ವಸಕ್ಕನ ಬೆತ್ತಲೆ ಸಂಘ

ಮಲ್ಲೇಶ್ವರದ ನನ್ನ ಬ್ಲೌಸ್ ಅಂಗಡಿಗೆ ಬರುವ ಹೆಂಗಸರು, "ಅಮೆರಿಕದಲ್ಲಿ ಏನೇನು ನೋಡಿದ್ರಿ ಪದ್ಮಿನಿ?" ಎಂದು ಕೇಳಿದಾಗ ನಾನು, "ಎಲ್ಲಾ ನೋಡಿದೆ" ಎನ್ನುತ್ತೇನೆ. ಅವರು ಹಾಲಿವುಡ್ಡು, ಡಿಸ್ನಿಲ್ಯಾಂಡು ಎಂದುಕೊಳ್ಳುತ್ತಾರೆ. ಆ ಎರಡನ್ನೂ ನಾನು ನೋಡಲಿಲ್ಲ. ನಾನು ನೋಡಿದ್ದನ್ನು ಅಂಗಡಿಯಲ್ಲಿ ನಿಂತು ಹೇಳುವಂತಿಲ್ಲ. ಟ್ರಯಲ್ ರೂಮಿನ ಪರದೆಯ ಹಿಂದೆ ಯಾವಾಗಲೂ ಯಾರಾದರೂ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ ಸೆಗುಂಡೋ

ನಾನು ಹೋದದ್ದು ಬಾಣಂತನಕ್ಕೆ. ನನ್ನ ದೊಡ್ಡಮ್ಮನ ಮಗಳು ವಸುಧಾ, ನನಗೆ ವಸಕ್ಕ, ಮದುವೆಯಾದಾಗಿನಿಂದ ಕ್ಯಾಲಿಫೋರ್ನಿಯಾದಲ್ಲೇ ಇದ್ದಾಳೆ. ಭಾವ ತೀರಿಕೊಂಡ ಮೇಲೆ ಸ್ಯಾನ್ ಡಿಯಾಗೋದಲ್ಲಿ ಒಬ್ಬಳೇ ಇರುತ್ತಾಳೆ. ಅವಳ ಒಬ್ಬಳೇ ಮಗಳು ಅನಘಾ ಅಲ್ಲೇ ಹುಟ್ಟಿ, ಅಲ್ಲೇ ಓದಿದವಳು. ಈಗ ಲಾಸ್ ಏಂಜಲಿಸ್ ವಿಮಾನ ನಿಲ್ದಾಣದ ಮಗ್ಗುಲಿನ ಎಲ್ ಸೆಗುಂಡೋದಲ್ಲಿ ಉಪಗ್ರಹದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರು. ಗಂಡ ಗಿರೀಶ ಬಾಗಲಕೋಟೆಯವನು, ಅವನೂ ಎಂಜಿನಿಯರೇ. ಬಸುರಿ ಎಂದು ಗೊತ್ತಾದ ಮೇಲೆ ಅನಘಾ ತಾನೇ ಫೋನು ಮಾಡಿ, "ಪದ್ಮಿನಿ ಆಂಟಿ, ಪ್ಲೀಸ್ ಕಮ್, ಐ ನೀಡ್ ಯು" ಎಂದಳು. ಹೆತ್ತ ತಾಯಿ ಎರಡು ಗಂಟೆಯ ದಾರಿಯಲ್ಲಿ ಗಟ್ಟಿಮುಟ್ಟಾಗಿ ಇರುವಾಗ ಬೆಂಗಳೂರಿನ ಚಿಕ್ಕಮ್ಮ ಯಾಕೆ ಬೇಕು ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ವೀಸಾ ಸಿಕ್ಕಿದ ಖುಷಿಯಲ್ಲಿ ಹೊಳೆಯಲಿಲ್ಲ.

ವಿಮಾನ ನಿಲ್ದಾಣದಲ್ಲೇ ಮೊದಲ ವಿಘ್ನ. ಕಸ್ಟಮ್ಸ್ ಅಧಿಕಾರಿ ನನ್ನ ಸೂಟ್‌ಕೇಸಿನಿಂದ ಅಂಟು, ಒಣಶುಂಠಿ, ಓಂಕಾಳು, ಬಾಣಂತಿ ಲೇಹ್ಯದ ಡಬ್ಬಿ ಎಲ್ಲವನ್ನೂ ತೆಗೆದು ಮೇಜಿನ ಮೇಲೆ ಗೌರಿಪೂಜೆಗೆ ಜೋಡಿಸಿದಂತೆ ಜೋಡಿಸಿದ. ಕೊನೆಗೆ ಬಜೆಯ ಬೇರನ್ನು ಮೂಗಿನ ಹತ್ತಿರ ಹಿಡಿದು ಇದೇನು ಎಂದ. ಮಗುವಿನ ನಾಲಿಗೆಗೆ ತೇಯ್ದು ಹಚ್ಚುತ್ತೇವೆ, ಮಾತು ಚೆನ್ನಾಗಿ ಬರುತ್ತದೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಐದು ನಿಮಿಷ ವಿವರಿಸಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗೆ ಜಾಸ್ತಿಯೇ ಹಚ್ಚಿರಬೇಕು" ಎಂದ. ಬಜೆ ಅವನ ಕಸದ ಡಬ್ಬಿಗೆ ಹೋಯಿತು, ಉಳಿದದ್ದು ನನ್ನ ಜೊತೆ ಬಂತು.

ಅನಘಾಳ ಹೊಟ್ಟೆ ಆಗಲೇ ಬಾಗಿಲಿಗಿಂತ ಮುಂಚೆ ಬರುತ್ತಿತ್ತು. ಊಟವಾದ ಮೇಲೆ ಅವಳು ಗಂಡನ ಮುಖ ನೋಡಿದಳು. ಗಿರೀಶ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಏನೋ ಹುಡುಕತೊಡಗಿದ. ಆ ಫ್ರಿಜ್ಜಿನಲ್ಲಿ ಮೊಸರು ಬಿಟ್ಟರೆ ಏನೂ ಇರಲಿಲ್ಲ.

"ಆಂಟಿ, ಅಮ್ಮ ಒಂದು ಕ್ಲಬ್ ರನ್ ಮಾಡ್ತಾಳೆ. ನ್ಯೂಡ್ ಬೀಚ್ ಕ್ಲಬ್."

"ಅಂದ್ರೆ?"

"ಅಂದ್ರೆ ನ್ಯೂಡ್, ಆಂಟಿ. ನೋ ಕ್ಲೋದ್ಸ್. ಶಿ ಈಸ್ ದಿ ಪ್ರೆಸಿಡೆಂಟ್."

ಅಯ್ಯೋ ರಾಮ! ಮೆಂಬರ್ ಆಗಿದ್ದರೆ ಯಾರೋ ಕರೆದರು, ಹೋದಳು ಎನ್ನಬಹುದಿತ್ತು. ಪ್ರೆಸಿಡೆಂಟ್ ಆಗಬೇಕಾದರೆ ಚುನಾವಣೆಗೆ ನಿಂತಿರಬೇಕಲ್ಲ!

ಉಳಿದದ್ದನ್ನು ಅನಘಾ ಇಂಗ್ಲಿಷಿನಲ್ಲಿ ಅಳುತ್ತಾ ಹೇಳಿದಳು. ಅವಳ ಆಫೀಸಿನವನೊಬ್ಬ ರಜೆಯಲ್ಲಿ ಆ ಬೀಚಿಗೆ ಹೋಗಿ, ಬಂದವನು ಊಟದ ಹಾಲಿನಲ್ಲಿ ಎಲ್ಲರೆದುರು, "ನಿಮ್ಮ ತಾಯಿ ಎಷ್ಟು ಒಳ್ಳೆಯವರು!" ಎಂದನಂತೆ. ಇವಳು ತಟ್ಟೆ ಬಿಟ್ಟು ಎದ್ದುಹೋದಳಂತೆ. ಈಗ ಬಾಗಲಕೋಟೆಯಿಂದ ಅತ್ತೆ ಸುಶೀಲಾಬಾಯಿ ಬರುತ್ತಿದ್ದಾರೆ. ಅವರಿಗೆ ಗೊತ್ತಾದರೆ ಬಾಗಲಕೋಟೆಗೆ ಗೊತ್ತಾದಂತೆ. ಆದ್ದರಿಂದ ತಾಯಿಗೆ ಮಗಳ ಷರತ್ತು: ಅತ್ತೆ ಬರುವುದರೊಳಗೆ ಕ್ಲಬ್ ಬಿಡಬೇಕು, ಬಿಡದಿದ್ದರೆ ಬಾಣಂತನಕ್ಕೆ ಕಾಲಿಡಕೂಡದು. ವಸಕ್ಕ ಉತ್ತರವನ್ನೇ ಕೊಟ್ಟಿರಲಿಲ್ಲ. ನಾನು ಹೋಗಿ ಅವಳಿಗೆ ಬುದ್ಧಿ ಹೇಳಬೇಕು. ಬಾಣಂತನ ನೆಪ, ನನ್ನನ್ನು ಕರೆಸಿದ್ದು ಪಂಚಾಯ್ತಿಗೆ.

ಯೂನಿವರ್ಸಿಟಿ ಸಿಟಿ

ಗಿರೀಶ ನನ್ನನ್ನು ಕಾರಿನಲ್ಲಿ ಸ್ಯಾನ್ ಡಿಯಾಗೋಗೆ ಕರೆದುಕೊಂಡು ಹೋದ. ವಸಕ್ಕನ ಅಪಾರ್ಟ್‌ಮೆಂಟು ದೊಡ್ಡ ಯೂನಿವರ್ಸಿಟಿಯ ಪಕ್ಕದಲ್ಲಿದೆ. ಸುತ್ತಮುತ್ತ ಎಲ್ಲಿ ನೋಡಿದರೂ ಬೆನ್ನಿಗೆ ಬ್ಯಾಗು ಹಾಕಿಕೊಂಡ ಹುಡುಗ ಹುಡುಗಿಯರು. ದಾರಿಯುದ್ದಕ್ಕೂ ನಾನು ಬುದ್ಧಿಮಾತಿನ ರಿಹರ್ಸಲ್ ಮಾಡಿದೆ. ಬೆಲ್ ಒತ್ತಿದ ಗಿರೀಶ, ಬಾಗಿಲು ತೆರೆಯುವುದರೊಳಗೆ ಹಿಂದಿರುಗಿ ಕಾರಿನಲ್ಲಿ ಕೂತಿದ್ದ. ಬಾಗಿಲು ತೆರೆಯಿತು. ನಾನು ಕಣ್ಣು ಮುಚ್ಚಿಕೊಂಡೆ.

"ಯಾಕೇ ಪದ್ದು, ಕಣ್ಣಿಗೆ ಏನಾಯ್ತು?"

"ಏನು ಉಟ್ಟಿದೀಯೋ ಏನೋ, ನಂಗೇನು ಗೊತ್ತು?"

ವಸಕ್ಕ ಬಾಗಿಲಿಗೆ ಒರಗಿ ನಕ್ಕಳು. ಇಳಕಲ್ ಸೀರೆ, ಮೊಣಕೈವರೆಗಿನ ಬ್ಲೌಸು, ಕೈಯಲ್ಲಿ ಹಾಗಲಕಾಯಿ ಗೊಜ್ಜಿನ ಸೌಟು. ಬ್ಲೌಸ್ ನಾನೇ ಹೊಲಿದು ಕಳಿಸಿದ್ದು. ತೋಳು ಸರಿಯಾಗಿ ಕೂತಿತ್ತು.

ಆ ಸಂಜೆಯೇ ಅವಳ ಮನೆಯಲ್ಲಿ ಕ್ಲಬ್ಬಿನ ಕಮಿಟಿ ಮೀಟಿಂಗು. ನಾನು ಅಡುಗೆಮನೆಯಲ್ಲಿ ಅಡಗಿ ಕೂರುವುದೆಂದು ತೀರ್ಮಾನಿಸಿದ್ದೆ. ಬಾಗಿಲ ಸಂದಿಯಿಂದ ನೋಡಿದರೆ ಒಬ್ಬರಾದರೂ ಬೆತ್ತಲೆ ಇದ್ದರೆ ಕೇಳಿ! ಎಲ್ಲರೂ ಸ್ವೆಟರು, ಕಾಲುಚೀಲ. ಬಹುಪಾಲು ರಿಟೈರ್ ಆದವರು. ಅಂಚೆ ಇಲಾಖೆಯಲ್ಲಿದ್ದ ವಾಲ್ಟರ್ ಎಂಬ ಎತ್ತರದ ಮುದುಕನಂತೂ ಟೈ ಕಟ್ಟಿಕೊಂಡು ಬಂದಿದ್ದ. ಮೀಟಿಂಗಿನ ವಿಷಯ, ಟೋಪಿ ಬಟ್ಟೆಯ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂಬುದು. ಸೇರುತ್ತದೆ ಎನ್ನುವವರದು ಒಂದು ಪಕ್ಷ, ಬಿಸಿಲಿಗೆ ಟೋಪಿ ಬೇಕೇ ಬೇಕು ಎನ್ನುವವರದು ಇನ್ನೊಂದು. ಮುಕ್ಕಾಲು ಗಂಟೆ ಕಾದಾಡಿದರು. ಉಪಾಧ್ಯಕ್ಷೆ ರಾಜೀನಾಮೆ ಕೊಟ್ಟು ಎದ್ದು ಹೋಗಿ, ಕಾರಿನ ಕೀ ಮರೆತು ವಾಪಸ್ ಬಂದು, ಹೇಗೂ ಬಂದೆನಲ್ಲ ಎಂದು ಮತ್ತೆ ಕೂತಳು. ನಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿ ನನ್ನ ಕಣ್ಣ ಮುಂದೆ ಬಂತು. ಸಂಘ ಅಂದಮೇಲೆ ಬಟ್ಟೆ ಹಾಕಿದ್ದರೂ ಅಷ್ಟೆ, ಬಿಚ್ಚಿದ್ದರೂ ಅಷ್ಟೆ. ವಸಕ್ಕ ಒಂದು ದೊಡ್ಡ ಪಾತ್ರೆ ಬಿಸಿಬೇಳೆಬಾತ್ ತಂದಿಟ್ಟ ಮೇಲೆ ಟೋಪಿಗೆ ಸರ್ವಾನುಮತದ ಒಪ್ಪಿಗೆ ಸಿಕ್ಕಿತು.

ಎಲ್ಲ ಹೋದ ಮೇಲೆ ಪಾತ್ರೆ ತೊಳೆಯುತ್ತ ನಾನು ಶುರು ಮಾಡಿದೆ.

"ಹೇಗೆ ಬಂತೇ ನಿಂಗೆ ಈ ಬುದ್ಧಿ?"

"ಕೋವಿಡ್‌ನಲ್ಲಿ," ಅಂದಳು, ಜ್ವರ ಬಂತು ಅನ್ನುವ ಹಾಗೆ. "ನಿಮ್ಮ ಭಾವ ಹೋಗಿ ಸ್ವಲ್ಪ ದಿನ ಆಗಿತ್ತು. ಎಲ್ಲ ಮುಚ್ಚಿದ್ರು. ಬೀಚಲ್ಲಿ ನಡೆಯೋಕೆ ಮಾತ್ರ ಬಿಡ್ತಿದ್ರು. ದಿನಾ ನಡೀತಿದ್ದೆ. ಒಂದು ದಿನ ಬಂಡೆಗಳ ಕೆಳಗೆ ಹೋಗ್ಬಿಟ್ಟೆ. ಅಲ್ಲಿ ಹಳೇ ಕಾಲದಿಂದ ಬಟ್ಟೆ ಇಲ್ದೆ ಓಡಾಡೋದು ರೂಢಿ. ವಾಲ್ಟರ್ ಮತ್ತೆ ಅವನ ಹೆಂಡ್ತಿ ಕೂತಿದ್ರು, ಆಗಿನ್ನೂ ಅವಳು ಬದುಕಿದ್ಲು. ಗುಡ್ ಮಾರ್ನಿಂಗ್ ಅಂದ್ರು. ಎಷ್ಟೋ ತಿಂಗಳಾಗಿತ್ತು ಕಣೇ, ಮನುಷ್ಯರು ನನ್ನ ಮುಖ ನೋಡಿ ನಕ್ಕು. ಎಲ್ಲರಿಗೂ ಮಾಸ್ಕು. ಮರುದಿನ ಮತ್ತೆ ಹೋದೆ."

"ಮುಖ ನೋಡಿ ನಕ್ಕರೆ ಮಾಸ್ಕ್ ತೆಗೀಬೇಕು. ಎಲ್ಲಾನೂ ತೆಗೀತಾರೇನೇ?"

ಅವಳು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ನಾನು ವ್ಯವಹಾರಸ್ಥೆ, ನನ್ನ ಸಲಹೆ ಕೊಟ್ಟೇಬಿಟ್ಟೆ. ಬಿಟ್ಟೆ ಅಂತ ಹೇಳು, ಬಾಣಂತನ ಮುಗಿಸು, ಬೀಗಿತ್ತಿಯನ್ನು ವಿಮಾನ ಹತ್ತಿಸು, ಆಮೇಲೆ ಬೇಕಾದರೆ ಬಟ್ಟೆ ಬಿಚ್ಚಿಕೊಂಡು ಊರೆಲ್ಲ ಮೆರವಣಿಗೆ ಮಾಡು.

"ಮಗಳಿಗೆ ಸುಳ್ಳು ಹೇಳಿ ಅವಳ ಮನೆ ಮೆಟ್ಟಿಲು ಹತ್ತಲ್ಲ. ನಂಗೆ ಅವಳ ಬಾಣಂತನ ಮಾಡ್ಬೇಕು ಅಂತ ಜೀವ ಹೋಗ್ತಿದೆ ಪದ್ದು. ಆದ್ರೆ ನಾನೇನು ಕಳ್ಳತನ ಮಾಡ್ತಿದೀನಾ? ನಾಡಿದ್ದು ಶನಿವಾರ ಔಟಿಂಗ್ ಇದೆ. ಬಂದು ನೋಡು. ಆಮೇಲೆ ನೀನು ಬಿಡು ಅಂದ್ರೆ ಬಿಡ್ತೀನಿ."

ತೀರ್ಪಿನ ಭಾರ ನನ್ನ ತಲೆಗೇ ಕಟ್ಟಿದಳು ಮಹಾರಾಯಿತಿ.

ಬಂಡೆಗಳ ಕೆಳಗೆ

ಆ ಬೀಚಿಗೆ ಇಳಿಯುವ ದಾರಿಯನ್ನು ಕಂಡ ಮೇಲೆ ಅಲ್ಲಿ ಯಾಕೆ ಪೊಲೀಸರ ಕಾಟವಿಲ್ಲ ಎಂದು ತಿಳಿಯಿತು. ಕಡಿದಾದ ಮಣ್ಣುಗುಡ್ಡ, ಜಾರುವ ಮೆಟ್ಟಿಲು. ನಾನು ಅರ್ಧ ದಾರಿಯನ್ನು ಕೂತುಕೊಂಡೇ ಇಳಿದೆ. ಚೂಡಿದಾರದ ಹಿಂಭಾಗ ಹರಿಯಿತು. ಇಡೀ ಪ್ರವಾಸದಲ್ಲಿ ಮೊದಲು ಮಾನ ಹೋದದ್ದು ಅಲ್ಲಿ, ಅದೂ ಬಟ್ಟೆ ಹಾಕಿಕೊಂಡಿದ್ದಾಗ.

ಕೆಳಗೆ ಮೂವತ್ತು ನಲವತ್ತು ಜನ ಇದ್ದರು. ಮೊದಲ ಹತ್ತು ನಿಮಿಷ ನಾನು ಸಮುದ್ರವನ್ನೇ ನೋಡಿದೆ, ಅರಬ್ಬೀ ಸಮುದ್ರದ ಮೇಲಿಲ್ಲದ ಪ್ರೀತಿ ಪೆಸಿಫಿಕ್ ಮೇಲೆ ಉಕ್ಕಿ ಬಂತು. ಆಮೇಲೆ ಕುತ್ತಿಗೆ ನೋವಾಗಿ ತಿರುಗಿದೆ. ಅಷ್ಟೊಂದು ಮೈಗಳು! ಆದರೆ ನಿಜ ಹೇಳಲೇ? ಅರ್ಧ ಗಂಟೆಯಲ್ಲಿ ಬೇಜಾರು ಬಂತು. ಸಿನಿಮಾದವರಂಥ ಮೈಯವರು ಒಬ್ಬರೂ ಇರಲಿಲ್ಲ. ಜೋತ ಹೊಟ್ಟೆ, ಆಪರೇಷನ್ನಿನ ಗುರುತು, ಒಂದು ಕಡೆ ವಾಲಿದ ಬೆನ್ನು. ನನ್ನ ಅಂಗಡಿಯಲ್ಲಿ ಅಳತೆ ಕೊಡುವಾಗ ಪ್ರತಿಯೊಬ್ಬ ಹೆಂಗಸೂ ಉಸಿರು ಬಿಗಿಹಿಡಿದು, "ಈಗ ಸ್ವಲ್ಪ ದಪ್ಪ ಆಗಿದೀನಿ ಕಣ್ರೀ" ಎಂದು ಕ್ಷಮೆ ಕೇಳುತ್ತಾಳೆ. ಇಲ್ಲಿ ಯಾರೂ ಯಾರ ಕ್ಷಮೆಯನ್ನೂ ಕೇಳುತ್ತಿರಲಿಲ್ಲ. ಒಬ್ಬಾಕೆ ಸ್ವೆಟರು ಹೆಣೆಯುತ್ತಿದ್ದಳು. ಯಾರಿಗೆ ಅಂತ ಕೇಳಲು ನಾಲಿಗೆ ತುರಿಸಿತು.

ಮಡಿ ಮೈಲಿಗೆಯಲ್ಲಿ ನಮ್ಮ ಅಜ್ಜಿಯೂ ಇವರ ಮುಂದೆ ಸೋಲಬೇಕು. ಎಲ್ಲಿ ಕೂತರೂ ತನ್ನ ಟವೆಲ್ ಹಾಸಿಕೊಂಡೇ ಕೂರಬೇಕು, ಇನ್ನೊಬ್ಬರ ಟವೆಲ್ ಮುಟ್ಟಬಾರದು. ಫೋನು ಹೊರಗೆ ತೆಗೆಯುವಂತಿಲ್ಲ. ಗುಡ್ಡದ ಮೇಲಿನಿಂದ ಯಾರಾದರೂ ಬೈನಾಕ್ಯುಲರ್ ಹಿಡಿದರೆ ವಸಕ್ಕ ಕುತ್ತಿಗೆಯ ಸೀಟಿ ಊದುತ್ತಾಳೆ, ಆಗ ಕೆಳಗಿರುವವರೆಲ್ಲ ಅವನ ಕಡೆ ತಿರುಗಿ ಆತ್ಮೀಯವಾಗಿ ಕೈ ಬೀಸುತ್ತಾರೆ. ಪಾಪ, ಅವನು ಎದ್ದುಬಿದ್ದು ಓಡುತ್ತಾನೆ. ವಸಕ್ಕನ ಮೈಮೇಲಿದ್ದದ್ದು ಆ ಸೀಟಿ, ಒಂದು ಹುಲ್ಲಿನ ಟೋಪಿ ಮತ್ತು ಹಣೆಯ ಕುಂಕುಮ. ಕುಂಕುಮ ಅಳಿಸಬೇಡ ಅಂತ ಭಾವನೇ ಹೇಳಿ ಹೋಗಿದ್ದರಂತೆ.

ಅಲ್ಲಿ ಎಲ್ಲರೂ ಕಣ್ಣು ಬಿಟ್ಟು ನೋಡುತ್ತಿದ್ದದ್ದು ಒಬ್ಬಳನ್ನೇ, ನನ್ನನ್ನು. ಮೈತುಂಬ ಬಟ್ಟೆ ತೊಟ್ಟು, ದುಪಟ್ಟಾ ಹೊದ್ದು, ಕೊಡೆ ಹಿಡಿದು ನಿಂತಿದ್ದವಳು ನಾನೊಬ್ಬಳೇ. ನನಗೇ ಅಸಭ್ಯ ಅನ್ನಿಸತೊಡಗಿತು. ಕೊನೆಗೆ ಒಂದು ಬಂಡೆಯ ಮರೆಗೆ ಹೋಗಿ, ನಮ್ಮೂರ ಹೊಳೆಯಲ್ಲಿ ಹೆಂಗಸರು ಸ್ನಾನ ಮಾಡುವಂತೆ ವಸಕ್ಕನ ಬ್ಯಾಗಿನಲ್ಲಿದ್ದ ಲಂಗವನ್ನು ಎದೆಗೆ ಕಟ್ಟಿಕೊಂಡು ನೀರಿಗೆ ಇಳಿದೆ. ಪೆಸಿಫಿಕ್ ನೀರು ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿತ್ತು. ಲಂಗದೊಳಗೆ ಗಾಳಿ ಹೊಕ್ಕು ಅದು ಸುತ್ತಲೂ ಉಬ್ಬಿಕೊಂಡಿತು. ಅದನ್ನು ತಟ್ಟಿ ಕೂರಿಸುತ್ತಿರುವಾಗ ಒಂದು ಅಲೆ ಬಂದು ನನ್ನನ್ನು ಮಗುಚಿ ಹಾಕಿತು. ಎದ್ದು ನಿಂತಾಗ ಲಂಗ ಜಪಾನಿನ ದಿಕ್ಕಿಗೆ ಹೊರಟಿತ್ತು.

ನಾನು ಕಿಟಾರನೆ ಕಿರುಚಿದೆ. ಎಲ್ಲರೂ ತಿರುಗಿ ನೋಡಿದರು, ನಾನು ಮುಳುಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ತಂತಮ್ಮ ಕೆಲಸಕ್ಕೆ ಮರಳಿದರು. ಸ್ವೆಟರಿನಾಕೆ ಇನ್ನೊಂದು ಸಾಲು ಹೆಣೆದಳು. ಇಷ್ಟು ವರ್ಷ ಜೋಪಾನ ಮಾಡಿದ ಮಾನವನ್ನು ಸಮುದ್ರಕ್ಕೆ ಹಾಕಿ ನಿಂತಿದ್ದೇನೆ, ಒಬ್ಬನಾದರೂ ಎರಡನೇ ಸಲ ನೋಡಬೇಡವೇ! ನನಗೆ ಮೊದಲು ಅವಮಾನವಾಯಿತು, ಆಮೇಲೆ ನಗು ಬಂತು. ನಗು ಬಂದ ಮೇಲೆ ಇನ್ನೂ ಸ್ವಲ್ಪ ಹೊತ್ತು ನೀರಿನಲ್ಲೇ ಇದ್ದೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಹೊರಗೆ ಬಂದು ಟವೆಲ್ ಸುತ್ತಿಕೊಂಡು ಕೂತಾಗ ವಸಕ್ಕನ ನಿಜವಾದ ಕೆಲಸ ಕಂಡಿತು. ಹೊಸಬಳೊಬ್ಬಳು ಬಂದಿದ್ದಳು, ನಲವತ್ತರ ಆಸುಪಾಸು. ದಪ್ಪ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಎರಡೂ ಕೈ ಎದೆಗೆ ಅವಚಿಕೊಂಡು, ಅಳು ತಡೆದು ನಿಂತಿದ್ದಳು. ವಸಕ್ಕ ಅವಳ ಪಕ್ಕ ಹೋಗಿ ನಿಂತಳು. ಬಿಚ್ಚು ಅನ್ನಲಿಲ್ಲ, ಕೂರು ಅನ್ನಲಿಲ್ಲ. ಅವಳ ಮುಖವನ್ನೂ ನೋಡದೆ, ಇಬ್ಬರೂ ಸಮುದ್ರ ನೋಡುವಂತೆ ನಿಂತು, ಮೆಲ್ಲಗೆ ಹೇಳಿದಳು: ಯಾರೂ ನೋಡುತ್ತಿಲ್ಲ, ಉಸಿರು ಬಿಡು, ಅವಸರ ಏನಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದರು. ಆ ಹೆಂಗಸು ಆ ದಿನ ಕೋಟೊಂದನ್ನೇ ತೆಗೆದದ್ದು. ಅಷ್ಟಕ್ಕೇ ವಸಕ್ಕನ ಕೈ ಹಿಡಿದು ಅತ್ತಳು.

ನನ್ನ ತೀರ್ಪು ಅಲ್ಲೇ ಆಗಿಹೋಯಿತು. ಬಿಡಬೇಡ ಕಣೇ ಅಂತ ಹೇಳುವುದಕ್ಕೆ ಬಾಯಿ ತೆರೆಯುವವಳಿದ್ದೆ. ಗುಡ್ಡ ಹತ್ತುವಾಗ ಏದುಸಿರು, ಮೇಲೆ ಹೋಗಿ ಹೇಳೋಣ ಎಂದುಕೊಂಡೆ.

ಮೇಲೆ ಬಂದು ಫೋನು ತೆಗೆದರೆ ಗಿರೀಶನ ಕರೆಗಳು ಸಾಲುಗಟ್ಟಿದ್ದವು. ಅನಘಾಳಿಗೆ ದಿನ ತುಂಬುವ ಮೊದಲೇ ನೋವು ಬಂದು, ಆಸ್ಪತ್ರೆಗೆ ಸೇರಿಸಿ, ಹೆರಿಗೆಯೂ ಆಗಿಹೋಗಿತ್ತು. ಹೆಣ್ಣು ಮಗು, ಇಬ್ಬರೂ ಸೌಖ್ಯ. ವಸಕ್ಕ ಕಾರಿಗೆ ಒರಗಿ ನಿಂತಳು. ಆಮೇಲೆ ಕುತ್ತಿಗೆಯಿಂದ ಸೀಟಿ ತೆಗೆದು, ಜೊತೆಗೆ ಹತ್ತಿ ಬಂದಿದ್ದ ವಾಲ್ಟರನ ಕೈಗೆ ಕೊಟ್ಟಳು. ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ಗಿರೀಶ, ಅವಳಿಗೆ ಹೇಳು. ಅಮ್ಮ ಕ್ಲಬ್ ಬಿಟ್ಟಳು, ಬರ್ತಿದಾಳೆ ಅಂತ."

ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

ಆರ್ಟೀಸಿಯಾ

ಸುಶೀಲಾಬಾಯಿ ಬಂದ ಮರುದಿನವೇ ನಮ್ಮನ್ನು ಆರ್ಟೀಸಿಯಾಕ್ಕೆ ಹೊರಡಿಸಿದರು. ಅಲ್ಲಿ ಒಂದು ರಸ್ತೆ ಪೂರ್ತಿ ನಮ್ಮವರ ಅಂಗಡಿಗಳು. ಸೀರೆ, ಜಿಲೇಬಿ, ಹೂಕೋಸಿನ ಉಪ್ಪಿನಕಾಯಿ. ಕಾರು ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಚಿಕ್ಕಪೇಟೆ, ನೂಕುನುಗ್ಗಲು ಇಲ್ಲದ್ದೊಂದೇ ಕೊರತೆ. ಸುಶೀಲಾಬಾಯಿ ದೊಡ್ಡ ದನಿಯ, ದೊಡ್ಡ ಮನಸ್ಸಿನ ಹೆಂಗಸು. ತಿನ್ನುವ ಅಂಟಿನ ಡಬ್ಬಿ ಹಿಡಿದು ಅಂಗಡಿಯ ಗುಜರಾತಿ ಹುಡುಗಿಗೆ ಅಪ್ಪಟ ಬಾಗಲಕೋಟೆ ಕನ್ನಡದಲ್ಲೇ ಪಾಠ ಮಾಡಿದರು. ಅವಳು ಎಲ್ಲದಕ್ಕೂ ಹಾಂ ಜೀ ಎಂದಳು.

"ಅಲ್ರೀ ಅಕ್ಕಾರ, ಬಾಣಂತಿ ತಾನ ಬಾಗ್ಲಾ ಹಾಕ್ಕೊಂಡು ಎರಕೊಳ್ಳೂದಂದ್ರ ಏನ್ರೀ ಇದು? ನೀವು ಹಡದವ್ವ, ನೀವರ ಹೇಳಬಾರದೇನು?" ಎಂದು ಅವರು ವಸಕ್ಕನನ್ನು ಕೇಳಿದರು.

ವಸಕ್ಕ ಏನು ಹೇಳಿಯಾಳು? ಕ್ಲಬ್ ಬಿಟ್ಟು ಬಂದಿದ್ದಳು, ಅಡುಗೆ ಮಾಡುತ್ತಿದ್ದಳು, ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಆದರೆ ಅನಘಾ ತಾಯಿಗೆ ಮೈ ಮುಟ್ಟಗೊಟ್ಟಿರಲಿಲ್ಲ. ಹೆತ್ತ ಹೊಟ್ಟೆ ಇನ್ನೂ ಇಳಿದಿರಲಿಲ್ಲ. ಕನ್ನಡಿಯ ಮುಂದೆ ನಿಂತು, "ಲುಕ್ ಅಟ್ ಮಿ, ಆಂಟಿ, ಸಾರಿ" ಎಂದು ನನ್ನ ಹತ್ತಿರ ಕ್ಷಮೆ ಕೇಳಿದ್ದಳು. ತಾಯಿ ಒಳಗೆ ಬಂದರೆ ದುಪ್ಪಟಿ ಕುತ್ತಿಗೆಯವರೆಗೆ ಎಳೆದುಕೊಳ್ಳುತ್ತಿದ್ದಳು. ಶನಿವಾರ ಬಂದಾಗ ವಸಕ್ಕ ಬೆಳಿಗ್ಗೆಯೆಲ್ಲ ಕಿಟಕಿಯ ಹತ್ತಿರ ಕೂತಿದ್ದಳು. ಮಗಳಿಗಾಗಿ ಸಂಘ ಬಿಟ್ಟವಳಿಗೆ ಮಗಳೂ ಸಿಕ್ಕಿರಲಿಲ್ಲ. ಆದರೆ ಬಾಣಂತಿಯನ್ನು ಯಾವ ಬಾಯಲ್ಲಿ ಬಯ್ಯಲಿ?

ಆರ್ಟೀಸಿಯಾದಿಂದ ನಾವು ಕೊಬ್ಬರಿ, ಬೆಲ್ಲ, ಎಳ್ಳೆಣ್ಣೆ ತಂದೆವು. ಜೊತೆಗೆ ಸುಶೀಲಾಬಾಯಿ ಒಂದು ಚೀಲ ಇದ್ದಿಲನ್ನೂ ತಂದರು. ಲೋಬಾನ ಅವರ ಟ್ರಂಕಿನಲ್ಲಿ ಊರಿಂದಲೇ ಬಂದಿತ್ತು.

ಮತ್ತೆ ಎಲ್ ಸೆಗುಂಡೋ

ಮರುದಿನ ಮಗುವಿಗೆ ಹೆಸರಿಡುವುದಿತ್ತು. ಇವತ್ತಾದರೂ ಎಣ್ಣೆನೀರು ಆಗಲೇಬೇಕು ಎಂದು ಸುಶೀಲಾಬಾಯಿ ಹಟ ಹಿಡಿದರು. ಅನಘಾ ಸೋತಳು, ಆದರೆ ನೈಟಿ ಹಾಕಿಕೊಂಡೇ ಕೂರುತ್ತೇನೆ ಎಂದಳು. ನೈಟಿಯ ಮೇಲೆ ಎಣ್ಣೆ, ಎಣ್ಣೆಯ ಮೇಲೆ ನೀರು. ಸ್ನಾನವಾದದ್ದು ನೈಟಿಗೆ, ಅನಘಾಳಿಗಲ್ಲ. ಆಮೇಲೆ ಅವಳು ದೊಡ್ಡ ಟವೆಲ್ ಸುತ್ತಿಕೊಂಡು ರೂಮಿನಲ್ಲಿ ಕೂತಳು. ಇನ್ನು ಕೂದಲಿಗೆ ಲೋಬಾನದ ಹೊಗೆ ಹಾಕಬೇಕು.

ಅಮೆರಿಕದ ಮನೆಗಳಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಇರುತ್ತದೆ ಎಂದು ನನಗೆ ಗೊತ್ತಿತ್ತು. ಜಾಣೆಯಲ್ಲವೇ, ಕುರ್ಚಿ ಹತ್ತಿ ಆ ಯಂತ್ರಕ್ಕೆ ಸ್ನಾನದ ಟೋಪಿ ತೊಡಿಸಿದೆ. ವಸಕ್ಕ, "ಬೇಡ ಕಣ್ರೀ, ಬೇಡ" ಎಂದಳು. ಯಾರು ಕೇಳುತ್ತಾರೆ? ಸುಶೀಲಾಬಾಯಿ ಒಲೆಯ ಮೇಲೆ ಇದ್ದಿಲು ಕೆಂಡ ಮಾಡಿ, ಬಾಣಲೆಗೆ ಹಾಕಿ, ಮೇಲೆ ಒಂದು ಹಿಡಿ ಲೋಬಾನ ಸುರಿದರು. ಒಂದು ಚಿಟಿಕೆ ಸಾಕಿತ್ತು. ನಿಮಿಷದಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ಮಗು ಕೆಮ್ಮಿತು. ಹೊಗೆ ಹೊರಗೆ ಹೋಗಲಿ ಎಂದು ನಾನು ಓಡಿ ಮುಂಬಾಗಿಲು ತೆರೆದೆ. ಹೊಗೆ ನನ್ನ ಮಾತು ಕೇಳಿ ಕಾರಿಡಾರಿಗೆ ಹೋಯಿತು. ಕಾರಿಡಾರಿನ ಯಂತ್ರಕ್ಕೆ ನಾನು ಟೋಪಿ ತೊಡಿಸಿರಲಿಲ್ಲ.

ಇಡೀ ಕಟ್ಟಡ ಊಳಿಟ್ಟಿತು. ಎಲ್ಲರೂ ಇಳಿಯಬೇಕು, ಲಿಫ್ಟ್ ಬಂದ್. ಅನಘಾ ಮಗುವನ್ನು ಎದೆಗೆ ಅವಚಿಕೊಂಡು ಟವೆಲಿನಲ್ಲೇ ಮೂರು ಮಹಡಿ ಇಳಿದಳು. ಹಿಂದೆ ನಾವು ಮೂವರು, ಗಿರೀಶ ನಾಮಕರಣದ ಸಾಮಾನು ತರಲು ಹೋಗಿದ್ದ. ಕೆಳಗೆ ಪಾರ್ಕಿಂಗಿನಲ್ಲಿ ಕಟ್ಟಡದವರೆಲ್ಲ ನೆರೆದಿದ್ದರು. ಅನಘಾಳ ಮ್ಯಾನೇಜರ್ ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದ, ಅವನ ಮನೆಯೂ ಅಲ್ಲೇ. ಕೆಂಪು ಲಾರಿ ಕೂಗುತ್ತಾ ಬಂತು, ಟೊಪ್ಪಿಗೆ ಹಾಕಿದ ಅಗ್ನಿಶಾಮಕದವರು ಧುಮುಕಿದರು. ಅಷ್ಟರಲ್ಲಿ ಮಗು ಅತ್ತಿತು, ಅನಘಾಳಿಗೆ ಹಾಲು ಸೋರಿತು, ಟವೆಲ್ಲಿನ ಗಂಟು ಸಡಿಲಿ ಜಾರತೊಡಗಿತು. ಎರಡೂ ಕೈಯಲ್ಲಿ ಮಗು. ಅವಳು ಕಲ್ಲಾಗಿ ನಿಂತುಬಿಟ್ಟಳು. ಉಸಿರೂ ಆಡುತ್ತಿರಲಿಲ್ಲ.

ಸುಶೀಲಾಬಾಯಿ, "ಅಯ್ಯ ಶಿವನ!" ಎಂದು ಸೆರಗು ಮುಖಕ್ಕೆ ಹಿಡಿದರು. ನಾನು ದುಪಟ್ಟಾ ಹುಡುಕಿದೆ, ಅದು ಮೇಲೆ ಉಳಿದಿತ್ತು. ವಸಕ್ಕ ಒಬ್ಬಳೇ ಅವಸರ ಮಾಡಲಿಲ್ಲ. ಮಗಳ ಪಕ್ಕ ಹೋಗಿ ನಿಂತಳು. ಮುಖ ನೋಡದೆ, ಇಬ್ಬರೂ ಒಂದೇ ಕಡೆ ನೋಡುವಂತೆ.

"ಯಾರೂ ನೋಡ್ತಿಲ್ಲ ಪುಟ್ಟಿ. ಉಸಿರು ಬಿಡು. ಅವಸರ ಏನಿಲ್ಲ."

ಜಾರಿದ ಟವೆಲನ್ನು ನಿಧಾನವಾಗಿ ಎತ್ತಿ ಮತ್ತೆ ಸುತ್ತಿ ಗಂಟು ಹಾಕಿದಳು. ಆಮೇಲೆ, "ಮಗುಗೆ ಹಸಿವಾಗಿದೆ, ಕೂತ್ಕೊಂಡು ಕುಡಿಸು" ಎಂದು ಪಕ್ಕದ ಕಟ್ಟೆ ತೋರಿಸಿದಳು. ಅನಘಾ ಕೂತಳು. ಮಗು ಕುಡಿಯಿತು. ಮ್ಯಾನೇಜರ್ ಆಕಾಶ ನೋಡಿದ. ಅಗ್ನಿಶಾಮಕದವನೊಬ್ಬ ನಮ್ಮ ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದು ತಂದು, ಇದು ಯಾರ ಅಡುಗೆ ಎಂದು ಕೇಳಿ, ಮನೆಯೊಳಗೆ ಇದ್ದಿಲು ಹೊತ್ತಿಸುತ್ತಾರಾ ಎಂದು ನಮಗೆ ಸರಿಯಾಗಿ ಉಗಿದ. ನಾವು ಮೂವರೂ ಶಾಲೆಯ ಮಕ್ಕಳಂತೆ ತಲೆ ತಗ್ಗಿಸಿದೆವು.

ಅವನು ಹೋದ ಮೇಲೆ ಸುಶೀಲಾಬಾಯಿ ವಸಕ್ಕನ ಕಡೆ ತಿರುಗಿದರು. "ಅಕ್ಕಾರ, ನಿಮ್ಗ ಒಂಚೂರೂ ಗಾಬರಿ ಆಗ್ಲಿಲ್ಲಲ್ರೀ! ಎಲ್ಲಿ ಕಲ್ತ್ರಿ ಇದನ್ನ?"

ವಸಕ್ಕ ಮಗಳ ಮುಖ ನೋಡಿದಳು. ನಾನೂ ನೋಡಿದೆ.

ಅನಘಾ ಮಗುವಿನ ತಲೆ ಸವರುತ್ತಾ, ಅಷ್ಟು ದಿನದಲ್ಲಿ ಮೊದಲ ಸಲ ಪೂರ್ತಿ ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿ ಹೇಳಿದಳು. "ಅತ್ತೆ, ಅಮ್ಮ ಒಂದು ಸಂಘ ನಡೆಸ್ತಾಳೆ. ಬಟ್ಟೆ ಇಲ್ದೆ ಸಮುದ್ರದಲ್ಲಿ ಸ್ನಾನ ಮಾಡೋರ ಸಂಘ. ನಾಚಿಕೆ ಇರೋರಿಗೆ ಅಮ್ಮ ಸಹಾಯ ಮಾಡ್ತಾಳೆ. ನಾನು ಬಿಡು ಅಂದಿದ್ದೆ. ತಪ್ಪು ನಂದು."

ಸುಶೀಲಾಬಾಯಿ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತರು. "ಗಂಡಸ್ರೂ ಇರ್ತಾರೇನ್ರೀ?" ಎಂದು ಕೊನೆಗೆ ಕೇಳಿದರು.

"ಇರ್ತಾರೆ," ಎಂದಳು ವಸಕ್ಕ.

"ಯವ್ವಾ!" ಎಂದವರು ಎದ್ದು ಹೋಗಿ ದೂರ ನಿಂತರು. ಮರುದಿನ ಹೆಸರಿಡುವಾಗಲೂ ವಸಕ್ಕನ ಜೊತೆ ಅಳೆದು ತೂಗಿ ಮಾತಾಡಿದರು. ಸಂಜೆ ಊರಿಂದ ಫೋನು ಬಂದಾಗ ನಾವೆಲ್ಲ ಉಸಿರು ಬಿಗಿಹಿಡಿದೆವು. ಅವರು ಮಗುವಿನ ಹೆಸರು ಹೇಳಿದರು, ಹೋಳಿಗೆ ಚಲೋ ಆಗಿತ್ತು ಅಂದರು, ಫೋನಿಟ್ಟರು.

"ಹೇಳಂಗಿಲ್ಲ ತಗೋರಿ," ಎಂದರು ನಮ್ಮ ಮುಖ ನೋಡಿ. "ಹೇಳಿದ್ರ ಅರ್ಧಾ ಬಾಗಲಕೋಟಿ ವೀಸಾಕ್ಕ ಸಾಲು ನಿಂತೀತು. ನಂಗ ಇದು ಬರೋಬ್ಬರಿ ಅನ್ಸಂಗಿಲ್ಲ ಅಕ್ಕಾರ, ಖರೇ ಹೇಳ್ತೀನಿ. ಆದ್ರ ನನ್ನ ಸೊಸಿ ನಿಮ್ಮ ಮಗ್ಲ ನಿಂತಾಗ ಅಷ್ಟ ಉಸಿರು ಬಿಟ್ಲು. ನಾ ಕಂಡೀನಿ."

ಶನಿವಾರ

ಶನಿವಾರ ಬೆಳಗಾಗುತ್ತಲೇ ಅನಘಾ ತಾಯಿಯ ಕಾರಿನ ಕೀಯನ್ನು ತಾನೇ ತಂದು ಅವಳ ಕೈಗಿಟ್ಟಳು. ವಸಕ್ಕ ಬೇಡ, ಇವತ್ತು ಬೇಡ ಎಂದು ಎರಡು ಸಲ ಅಂದಳು. ಮೂರನೆಯ ಸಲ ಅನ್ನಲಿಲ್ಲ. ಮಗುವಿಗೆ ಮುತ್ತು ಕೊಟ್ಟು ಹೊರಟೇಬಿಟ್ಟಳು. ವಾಲ್ಟರ್ ಸೀಟಿ ಊದಲು ಬಾರದೆ ಒದ್ದಾಡುತ್ತಿದ್ದಾನೆ ಎಂದು ಮೆಸೇಜು ಬಂದಿತ್ತಂತೆ.

ಹೊತ್ತೇರಿದ ಮೇಲೆ ಸುಶೀಲಾಬಾಯಿ ಎಣ್ಣೆ ಬಿಸಿ ಮಾಡಿ, ನೀರು ಕಾಯಿಸಿ, ಸೆರಗು ಸಿಕ್ಕಿಸಿ ಬಚ್ಚಲ ಬಾಗಿಲಲ್ಲಿ ನಿಂತರು. ಅನಘಾ ಮಂಚ ಬಿಟ್ಟು ಏಳಲಿಲ್ಲ.

"ಇವತ್ತು ಅಮ್ಮ ಎರೀಲಿ, ಅತ್ತೆ."

"ಆಕಿ ಸಂಜಿಗೆ ಬರಾಕಿ! ಅಲ್ಲಿತನಕ ಬಾಣಂತಿ ಹಿಂಗ ಕುಂಡ್ರೂದೇನು?"

"ಕಾಯ್ತೀನಿ."

ಸುಶೀಲಾಬಾಯಿ ಗೊಣಗಿದರು. ಬೆಂಗಳೂರು ಕಡೆಯ ಹೆಂಗಸರ ಮೊಂಡುತನದ ಬಗ್ಗೆ ನನಗೂ ಸೇರಿಸಿ ಎರಡು ಮಾತು ಹೇಳಿದರು. ಆದರೆ ಮಧ್ಯಾಹ್ನವೆಲ್ಲ ಆಗಾಗ ಎದ್ದು ಹೋಗಿ ನೀರನ್ನು ಮತ್ತೆ ಮತ್ತೆ ಕಾಯಿಸಿಟ್ಟರು, ಎಣ್ಣೆಯ ಬಟ್ಟಲನ್ನು ತಟ್ಟೆಯಿಂದ ಮುಚ್ಚಿಟ್ಟರು.

ಬಿಸಿಲು ಇಳಿಯುವ ಹೊತ್ತಿಗೆ ವಸಕ್ಕ ಬಂದಳು. ಮೂಗು ಕೆಂಪಾಗಿತ್ತು, ಪಾದದ ತುಂಬ ಮರಳು. ಏನಾಯಿತು, ಯಾರು ಬಂದಿದ್ದರು ಎಂದು ಕೇಳಲು ನಾನು ತುದಿಗಾಲಲ್ಲಿ ನಿಂತಿದ್ದೆ. ಅವಳು ಬ್ಯಾಗು ಇಳಿಸುವ ಮೊದಲೇ ಸುಶೀಲಾಬಾಯಿ ಎಣ್ಣೆಯ ಬಟ್ಟಲು ತಂದು ಅವಳ ಕೈಗೆ ಕೊಟ್ಟರು.

"ತಗೋರಿ. ಬೆಳಗಿನಿಂದ ಹಂಗ ಕುಂತಾಳ ನಿಮ್ಮ ಮಗಳು."

ವಸಕ್ಕ ಬಟ್ಟಲು ತೆಗೆದುಕೊಂಡಳು. ಆಮೇಲೆ ಕೈಕಾಲು ತೊಳೆದುಕೊಂಡು ಬಚ್ಚಲಿಗೆ ಹೋದಳು. ಅನಘಾ ಹಿಂದೆಯೇ ಹೋಗಿ ಬಾಗಿಲು ಮುಂದೆ ಮಾಡಿದಳು. ನಾನೂ ಸುಶೀಲಾಬಾಯಿಯೂ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲನ್ನೇ ನೋಡುತ್ತಾ ಕೂತಿದ್ದೆವು. ಆಮೇಲೆ ತಂಬಿಗೆಯಿಂದ ನೀರು ಸುರಿದ ಸದ್ದು ಬಂತು. ಅದರ ಹಿಂದೆಯೇ, ಇಡೀ ಕಟ್ಟಡಕ್ಕೆ ಕೇಳುವಂತೆ ಅನಘಾ ಕೂಗಿದಳು:

"ಅಮ್ಮಾ, ಬಿಸಿ!"